ಮೇಲಕ್ಕೆ ತೆರೆಯುವ ಬಾಗಿಲು

ಅಮ್ಮನ ಎರಡೂ ಮಂಡಿಗಳಿಗೆ ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲಿ ಪ್ರತಿಯೊಂದು ವಸ್ತುವಿನ ಎತ್ತರವೂ ಅಪ್ಪನ ಲೆಕ್ಕಕ್ಕೆ ಬಂತು. ಮಂಚ ತೀರ ತಗ್ಗು, ದೇವರ ಮನೆಯ ಹೊಸಿಲು ತೀರ ಎತ್ತರ, ಸೋಫಾದಲ್ಲಿ ಕೂತರೆ ಏಳುವುದು ಕಷ್ಟ. ಅಪ್ಪ ಟೇಪು ಹಿಡಿದು ಮನೆಯೆಲ್ಲ ಓಡಾಡಿದರು. ಕೆಲಸದಲ್ಲಿದ್ದಷ್ಟು ಕಾಲವೂ ಸರ್ಕಾರಿ ಇಲಾಖೆಯೊಂದರಲ್ಲಿ ನೀರಿನ ಪೈಪುಗಳ ನಕ್ಷೆ ತಿದ್ದಿ ಸಹಿ ಹಾಕುತ್ತಿದ್ದ ಎಂಜಿನಿಯರ್ ಅವರು. ನಿವೃತ್ತಿಯಾದ ಮೇಲೆ ಅಳೆಯಲು ಏನೂ ಸಿಗದೆ ಚಡಪಡಿಸುತ್ತಿದ್ದವರಿಗೆ ಅಮ್ಮನ ಮಂಡಿ ಒಂದು ಕೆಲಸ ಕೊಟ್ಟಿತು. ಮಂಚದ ಕಾಲುಗಳ ಕೆಳಗೆ ಮರದ ತುಂಡುಗಳು ಬಂದವು. ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಬಂತು. ಸೋಫಾ ಹೋಗಿ, ಗಟ್ಟಿ ಕೈಗಳ ಮರದ ಕುರ್ಚಿ ಬಂತು. ಇನ್ನು ಉಳಿದದ್ದು ಕಾರು.

ಜಯನಗರದ ನಮ್ಮ ಮನೆ ಕಟ್ಟಿದಾಗ ನಮ್ಮಲ್ಲಿದ್ದದ್ದು ಸ್ಕೂಟರ್. ಪೋರ್ಟಿಕೊ ಅದರ ಅಳತೆಗೇ ಇತ್ತು. ಆಮೇಲೆ ಕೊಂಡ ಬೆಳ್ಳಿ ಬಣ್ಣದ ಸಣ್ಣ ಕಾರು ಅದರೊಳಗೆ ಹೇಗೋ ಹೊಗುತ್ತಿತ್ತು, ಆದರೆ ಹೊಕ್ಕ ಮೇಲೆ ಬಾಗಿಲು ಅರ್ಧವೂ ತೆರೆಯುತ್ತಿರಲಿಲ್ಲ. ಅಪ್ಪ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಹೊರಬರುತ್ತಿದ್ದರು. ಅಮ್ಮ ಮಾತ್ರ ಮೊದಲಿನಿಂದಲೂ ರಸ್ತೆಯಲ್ಲೇ ಇಳಿದು, ಚರಂಡಿಯ ಮೇಲೆ ಹಾಸಿದ ಇಳಿಜಾರನ್ನು ಹತ್ತಿ ಒಳಗೆ ಬರುತ್ತಿದ್ದಳು. ಆಪರೇಷನ್ ಆದ ಮೇಲೆ ಆ ಇಳಿಜಾರೆಂದರೆ ಅವಳಿಗೆ ಭಯವಾಯಿತು. ಹತ್ತುವ ಮುಂಚೆ ನಿಂತು, ಎರಡೂ ಕಡೆ ನೋಡಿ, ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅವಳ ಉಗುರಿನ ಗುರುತು ನನ್ನ ಕೈ ಮೇಲೆ ಉಳಿಯುತ್ತಿತ್ತು.

ನಾನು ಅವರಿಬ್ಬರ ಒಬ್ಬಳೇ ಮಗಳು. ಬನಶಂಕರಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಮದುವೆ ಮುರಿದ ಮೇಲೆ ಮಹಡಿಯ ರೂಮಿಗೆ ವಾಪಸು ಬಂದವಳು. ಮೂವರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡೇ ಬದುಕುತ್ತಿದ್ದೆವು, ಹಾಗೆ ಕಣ್ಣಿಟ್ಟಿರುವುದನ್ನು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ.

ಒಂದು ಸೋಮವಾರ ಕಾಲೇಜಿನಿಂದ ಬಂದಾಗ ಪೋರ್ಟಿಕೊ ಖಾಲಿ ಇತ್ತು. "ಸರ್ವಿಸ್‌ಗೆ ಬಿಟ್ಟಿದ್ದೀನಿ," ಎಂದರು ಅಪ್ಪ. ಮರುದಿನವೂ ಖಾಲಿ. ಅದರ ಮರುದಿನವೂ. ಅವರು ದಿನಾ ಬೆಳಿಗ್ಗೆ ತಿಂಡಿ ಮುಗಿಸಿ ಆಟೊ ಹಿಡಿದು ಕತ್ರಿಗುಪ್ಪೆಯ ಕಡೆ ಹೋಗಿ ಮಧ್ಯಾಹ್ನಕ್ಕೆ ವಾಪಸು ಬರುತ್ತಿದ್ದರು. ಊಟಕ್ಕೆ ಕೂತಾಗ ಅವರ ಕಾಲು ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಅಮ್ಮ ನನ್ನ ಕಡೆ ನೋಡಿದಳು. ನಾನು ಭುಜ ಕುಣಿಸಿದೆ. ಅಷ್ಟು ದಿನ ಯಾವ ಸರ್ವಿಸ್ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಕಳೆ ಬಂದಿತ್ತು.

ಶನಿವಾರ ಸಂಜೆ ಕಾರು ಬಂತು. ಅಪ್ಪ ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದರು. ಅವರು ಯಾವತ್ತೂ ಹಾಗೆ ಹಾರ್ನ್ ಮಾಡಿದವರಲ್ಲ. ನಾನು ಅಮ್ಮನನ್ನು ಹಿಡಿದುಕೊಂಡು ಹೊರಗೆ ಬಂದೆ. ಡ್ರೈವರ್ ಕಡೆಯ ಬಾಗಿಲು ಸ್ವಲ್ಪ ಹೊರಗೆ ಬಂತು, ಆಮೇಲೆ ನಿಧಾನವಾಗಿ ಮೇಲಕ್ಕೆ ಎದ್ದಿತು. ಎದ್ದು, ಆಕಾಶಕ್ಕೆ ಮುಖ ಮಾಡಿ ನಿಂತುಕೊಂಡಿತು. ಅದರ ಕೆಳಗಿನಿಂದ ಹತ್ತಿಯ ಅರ್ಧ ತೋಳಿನ ಶರ್ಟು, ಕನ್ನಡಕ, ಜೇಬಿನಲ್ಲಿ ಪೆನ್ನು ಇಟ್ಟುಕೊಂಡ ನಮ್ಮಪ್ಪ ಇಳಿದರು.

ಎದುರು ಮನೆಯವರು ಬಾಲ್ಕನಿಗೆ ಬಂದರು.

"ಇದೇನ್ರೀ ಇದು?" ಎಂದಳು ಅಮ್ಮ.

"ನಿನಗೋಸ್ಕರಾನೇ ಕಣೇ," ಎಂದರು ಅಪ್ಪ. "ಬಾಗಿಲು ಪಕ್ಕಕ್ಕೆ ತೆಗೆದ್ರೆ ತಾನೇ ಗೋಡೆಗೆ ಹೊಡೆಯೋದು? ಇದು ಮೇಲಕ್ಕೆ ಹೋಗುತ್ತೆ. ಇನ್ಮೇಲೆ ನೀನು ರಸ್ತೇಲಿ ಇಳಿಯೋದೇ ಬೇಡ. ನೇರ ಪೋರ್ಟಿಕೊ ಒಳಗೇ ಇಳೀಬಹುದು."

ಅವರು ಅದನ್ನು ಮೊಬೈಲಿನಲ್ಲಿ ನೋಡಿದ್ದರು. ಅದರಲ್ಲಿ ದುಬಾರಿ ಕಾರೊಂದರ ಬಾಗಿಲು ನೆಟ್ಟಗೆ ಮೇಲೆದ್ದಿತ್ತಂತೆ. ಕತ್ರಿಗುಪ್ಪೆಯ ಆಕ್ಸೆಸರೀಸ್ ಅಂಗಡಿಯಲ್ಲಿ ವಿಚಾರಿಸಿದರೆ, ಯಾವ ಕಾರಿಗೆ ಬೇಕಾದರೂ ಹಾಕಿಕೊಡುತ್ತೇವೆ ಎಂದರಂತೆ. ಮುಂದಿನ ಎರಡು ಬಾಗಿಲಿಗೆ ಬಾಗಿಲು ತಿರುಗುವ ಹಳೆಯ ಹಿಂಜು ಬಿಚ್ಚಿ, ಬೇರೆ ಥರದ ಹಿಂಜು ಕೂರಿಸಿ, ಬಾಗಿಲನ್ನು ಎತ್ತಿ ಹಿಡಿಯಲು ಗ್ಯಾಸ್ ತುಂಬಿದ ರಾಡ್ ಹಾಕಿದ್ದರು. ಹಿಂದಿನ ಎರಡು ಬಾಗಿಲು ಮೊದಲಿದ್ದ ಹಾಗೇ ಇದ್ದವು.

"ಒಳಗೆ ಹಾಕಿ ತೋರಿಸ್ತೀನಿ ಬಾ," ಎಂದು ಅಪ್ಪ ಕಾರನ್ನು ಪೋರ್ಟಿಕೊಗೆ ತಂದರು. ನಾವು ಮೆಟ್ಟಿಲ ಮೇಲೆ ನಿಂತೆವು. ಬಾಗಿಲು ತೆರೆದರು. ಅದು ಮೇಲೇಳುವ ಮೊದಲು ಹೊರಗೆ ಬರಬೇಕಿತ್ತು. ಹೊರಗೆ ಬರುವಾಗಲೇ ಗೋಡೆಗೆ ತಾಗಿ ಗರಕ್ ಎಂದಿತು. ಅಪ್ಪ ಮುಚ್ಚಿದರು. ಕಾರನ್ನು ಹಿಂದಕ್ಕೆ ತೆಗೆದು, ಇನ್ನೊಂದು ಗೋಡೆಗೆ ಅಂಟುವ ಹಾಗೆ ನಿಲ್ಲಿಸಿ ಮತ್ತೆ ತೆರೆದರು. ಈ ಸಲ ಹೊರಗೆ ಬಂತು, ಮೇಲಕ್ಕೂ ಎದ್ದಿತು. ಆದರೆ ಮೇಲೆ ಮಳೆಗೆಂದು ಹಾಕಿಸಿದ್ದ ಶೀಟಿನ ಕಬ್ಬಿಣದ ಪಟ್ಟಿಗೆ ಬಡಿದು ನಿಂತಿತು. ಅಪ್ಪ ಆ ಅರ್ಧ ಎದ್ದ ಬಾಗಿಲಿನ ಕೆಳಗೆ ಬಗ್ಗಿಕೊಂಡೇ ಸ್ವಲ್ಪ ಹೊತ್ತು ಕೂತಿದ್ದರು. ಅವರ ಮುಖ ನಮಗೆ ಕಾಣುತ್ತಿರಲಿಲ್ಲ.

"ಕಾಫಿ ಆರಿಹೋಗುತ್ತೆ ಬನ್ನಿ," ಎಂದು ಅಮ್ಮ ಒಳಗೆ ಹೋದಳು.

ಆ ಕಾಫಿಯ ಹೊತ್ತಿನಲ್ಲಿ ನಾನೋ ಅಮ್ಮನೋ ಬಾಯಿ ಬಿಟ್ಟಿದ್ದರೆ ಅಪ್ಪ ಸೋಮವಾರವೇ ಅದನ್ನು ಬಿಚ್ಚಿಸುತ್ತಿದ್ದರೇನೋ. ಅವರು ತಟ್ಟೆಯ ಮೇಲೆ ಚಮಚವನ್ನು ತಿರುಗಿಸುತ್ತ, "ಶೀಟು ಎತ್ತರಿಸಿದ್ರಾಯ್ತು," ಎಂದರು. ಶೀಟನ್ನು ಎತ್ತರಿಸಲು ಆಗಲಿಲ್ಲ, ಅದರ ಮೇಲೆ ಮಹಡಿಯ ಕಿಟಕಿಯ ಸಜ್ಜಾ ಇತ್ತು. ಅಂದಿನಿಂದ ಕಾರು ರಸ್ತೆಯಲ್ಲೇ ನಿಂತಿತು.

ರಸ್ತೆಯಲ್ಲಿ ನಿಂತ ಕಾರಿನ ಸುತ್ತ ನಮ್ಮ ದಿನಚರಿ ಬದಲಾಯಿತು. ಕಾಲೇಜು ಬಿಟ್ಟ ಹೊತ್ತಿಗೆ ಹುಡುಗರು ಬೈಕ್ ನಿಲ್ಲಿಸಿ, "ಅಂಕಲ್, ಒಂದ್ಸಲ ಓಪನ್ ಮಾಡಿ, ಸಖತ್ತಾಗಿದೆ," ಎನ್ನುತ್ತಿದ್ದರು. ಮೊದಲ ಕೆಲವು ದಿನ ಅಪ್ಪ ತೆರೆದು ತೋರಿಸಿದರು. ಆಮೇಲೆ ಬಾಗಿಲು ತೆರೆಯುವ ಮುಂಚೆ ಆಚೆ ಈಚೆ ನೋಡಿ, ಯಾರೂ ಇಲ್ಲದಾಗ ತೆರೆಯುವ ಅಭ್ಯಾಸ ಮಾಡಿಕೊಂಡರು.

ಅಮ್ಮನ ಪಾಡು ಬೇರೆ. ಬಾಗಿಲು ಮೇಲೆದ್ದರೂ ಅದರ ಕೆಳಗಿನ ತುದಿ ಅವಳ ತಲೆಯ ಎತ್ತರಕ್ಕೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಮಂಡಿ ಬಗ್ಗದವಳು ಸೊಂಟ ಬಗ್ಗಿಸಬೇಕು, ಕುತ್ತಿಗೆ ಬಗ್ಗಿಸಬೇಕು. ಮೊದಲಾದರೆ ಬಾಗಿಲ ಮೇಲಿನ ಅಂಚನ್ನು ಹಿಡಿದುಕೊಂಡು ಏಳುತ್ತಿದ್ದಳು. ಈಗ ಹಿಡಿದುಕೊಳ್ಳಲು ಪಕ್ಕದಲ್ಲಿ ಏನೂ ಇರಲಿಲ್ಲ, ಬರೀ ಗಾಳಿ. ಕೂತ ಮೇಲೆ ಬಾಗಿಲನ್ನು ಕೆಳಗೆ ಎಳೆಯೋಣವೆಂದರೆ ಹಿಡಿಕೆ ಕೈಗೆ ಎಟುಕದು. ಅಪ್ಪ ತಮ್ಮ ಕಡೆಯಿಂದ ಇಳಿದು, ಕಾರು ಸುತ್ತಿ ಬಂದು, ಅವಳ ಬಾಗಿಲು ಮುಚ್ಚಿ, ಮತ್ತೆ ಸುತ್ತಿ ಹೋಗಿ ಕೂರುತ್ತಿದ್ದರು. ಮಳೆ ಬಂದರೆ ಎದ್ದ ಬಾಗಿಲಿನ ಮೇಲಿಂದ ಹರಿದ ನೀರು ನೇರ ಸೀಟಿಗೆ ಸುರಿಯುತ್ತಿತ್ತು. ಅಮ್ಮ ಅದಕ್ಕೆಂದೇ ಒಂದು ಟವಲು ಇಟ್ಟುಕೊಂಡಳು.

ಒಂದು ದಿನ ಸೆರಗು ಹಿಂಜಿಗೆ ಸಿಕ್ಕಿಕೊಂಡಿತು. ಗ್ರೀಸ್ ಹತ್ತಿದ ಆ ಸೀರೆಯನ್ನು ಅವಳು ನೆನೆಹಾಕಿ ತಿಕ್ಕುತ್ತಿದ್ದಾಗ ನಾನು, "ಅಮ್ಮ, ಅಪ್ಪಂಗೆ ಹೇಳ್ಬಿಡ್ಲಾ?" ಎಂದೆ.

"ಬೇಡ ಕಣೇ. ಆಸೆ ಪಟ್ಟು ಮಾಡ್ಸಿದಾರೆ."

"ಅವ್ರೂ ಹೆದರ್ಕೊಂಡೇ ಓಡಿಸ್ತಿದಾರೆ ಅಮ್ಮ."

"ಗೊತ್ತು. ಅದಕ್ಕೇ ಬೇಡ ಅಂದಿದ್ದು."

ಹಿಂದಿನ ಸೀಟಿನಲ್ಲಿ ಕೂತರಾಗದೇ ಎಂದರೆ, ಹಿಂದೆ ಕಾಲು ಚಾಚಲು ಜಾಗವಿರಲಿಲ್ಲ. ಅಮ್ಮ ಬರಬರುತ್ತ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದಳು. ದೇವಸ್ಥಾನಕ್ಕೆ ಕರೆದರೆ ತಲೆನೋವು ಎಂದಳು. ಕೋಣನಕುಂಟೆಯಲ್ಲಿರುವ ಅವಳ ತಂಗಿ, ನನ್ನ ಚಿಕ್ಕಮ್ಮ, ಫೋನು ಮಾಡಿ ಕರೆದರೆ, "ಮುಂದಿನ ವಾರ ನೋಡೋಣ," ಎಂದಳು. ಡಾಕ್ಟರು ಓಡಾಡಿ ಎಂದಿದ್ದರು, ಅವಳು ಮರದ ಕುರ್ಚಿಯಲ್ಲೇ ಕೂತಳು. ಅಪ್ಪ ಎದುರು ಕೂತು ಪೇಪರಿನ ಪುಟ ತಿರುಗಿಸುತ್ತಿದ್ದರು. ಓದುತ್ತಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ನಿಂತ ಸದ್ದಾದರೆ ಎದ್ದು ಕಿಟಕಿಗೆ ಹೋಗಿ ಕಾರು ನೋಡಿ ಬರುತ್ತಿದ್ದರು. ನನಗೂ ಪಾಠದ ನಡುವೆ ಇದ್ದಕ್ಕಿದ್ದ ಹಾಗೆ ಆ ಬಾಗಿಲು ನೆನಪಾಗುತ್ತಿತ್ತು. ಅದು ಎದ್ದು ನಿಂತಾಗ ಅಮ್ಮನ ತಲೆ ಅದರ ಕೆಳಗಿರುತ್ತದೆ ಎಂಬುದೊಂದೇ.

ಯಾಕೆಂದರೆ ಅಷ್ಟರಲ್ಲಿ ಗ್ಯಾಸ್ ರಾಡ್ ಸೋಲತೊಡಗಿತ್ತು. ಬೆಳಗಿನ ಚಳಿಯಲ್ಲಿ ಎಡಗಡೆಯ ಬಾಗಿಲು ಮೇಲೇರಿ, ಸ್ವಲ್ಪ ಹೊತ್ತು ಯೋಚಿಸಿ, ಕೆಳಗಿಳಿಯುತ್ತಿತ್ತು. ಒಂದು ಸಲ ಇಳಿದದ್ದು ಅಪ್ಪನ ಭುಜಕ್ಕೆ ತಾಗಿತು. ಅವರು ಏನೂ ಆಗಿಲ್ಲ ಎಂದರು. ಶರ್ಟು ಬಿಚ್ಚಿದಾಗ ಅಲ್ಲಿ ನೀಲಿಗಟ್ಟಿತ್ತು. ಬಾಗಿಲಿನೊಳಗೆ ಹೋಗುವ ವೈರುಗಳೂ ಏಳುವ ಇಳಿಯುವ ಎಳೆತಕ್ಕೆ ಒಂದೊಂದಾಗಿ ತುಂಡಾದವು. ಮೊದಲು ಬಲಗಡೆಯ ಕಿಟಕಿಯ ಗಾಜು ಇಳಿಯುವುದು ನಿಂತಿತು. ಆಮೇಲೆ ಎಡಗಡೆಯದೂ. ಕಂಪನಿಯ ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದರೆ, ಬಾಗಿಲು ನೋಡಿದ ಮೇಲ್ವಿಚಾರಕ, "ಸಾರಿ ಸಾರ್, ಹೊರಗಡೆ ವೈರಿಂಗ್ ಕಟ್ ಮಾಡಿದಾರೆ, ನಾವು ಮುಟ್ಟಂಗಿಲ್ಲ," ಎಂದು ಕೈ ಕಟ್ಟಿಕೊಂಡ. ಕತ್ರಿಗುಪ್ಪೆಯ ಅಂಗಡಿಯವನು ಟೇಪು ಸುತ್ತಿಕೊಟ್ಟ. ಅದು ಒಂದು ವಾರವೂ ಬಾಳಲಿಲ್ಲ.

ಕನಕಪುರ ರಸ್ತೆಯಲ್ಲಿ ಒಂದು ಮಧ್ಯಾಹ್ನ, ಜರಗನಹಳ್ಳಿಯ ಹತ್ತಿರ, ಟ್ರಾಫಿಕ್ ಪೊಲೀಸ್ ನಮ್ಮನ್ನು ನಿಲ್ಲಿಸಿದರು. ಅಪ್ಪ ಔಷಧಿ ಅಂಗಡಿಯ ಮುಂದೆ ಬಾಗಿಲು ಎತ್ತಿ ಇಳಿದದ್ದನ್ನು ದೂರದಿಂದಲೇ ನೋಡಿದ್ದರು. ಯಾರೋ ಕಾಲೇಜು ಹುಡುಗ ಎಂದುಕೊಂಡು ಬಂದವರು, ಅಪ್ಪನ ಬಿಳಿ ಕೂದಲು ನೋಡಿ ದನಿ ತಗ್ಗಿಸಿದರು.

"ಸಾರ್, ಇದು ನಿಮ್ಮ ಗಾಡೀನಾ?"

"ಹೌದು."

"ಹಿಂಗೆಲ್ಲ ಮಾಡಿಫೈ ಮಾಡ್ಸಂಗಿಲ್ಲ ಸಾರ್. ಆರ್‌ಸಿಲಿ ಗಾಡಿ ಹೆಂಗಿದ್ಯೋ ಹಂಗೇ ಇರ್ಬೇಕು. ನಿಮ್ಮಂಥವ್ರೇ ಹಿಂಗ್ ಮಾಡಿದ್ರೆ ಹುಡುಗ್ರಿಗೆ ನಾವೇನ್ ಹೇಳೋದು?"

ಅಪ್ಪ ದಂಡ ಕಟ್ಟಿದರು. ಕೆಲಸದಲ್ಲಿದ್ದಾಗ ನಿಯಮ ಮೀರಿದ ಒಂದು ನಕ್ಷೆಗೂ ಸಹಿ ಹಾಕದವರು ಎಂದು ಅವರ ಜೊತೆಯವರು ಈಗಲೂ ಹೇಳುತ್ತಾರೆ. ಮನೆ ತಲುಪುವ ತನಕ ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಬಿಚ್ಚಿಸ್ಬಿಡೋಣ ಅಪ್ಪ," ಎಂದೆ ನಾನು. "ಹೂಂ, ಈ ತಿಂಗಳು ಆಗ್ಲಿ," ಎಂದರು. ಬಿಚ್ಚಿಸಿದರೆ ತಾವು ಸೋತ ಹಾಗೆ ಎಂಬುದು ಅವರ ಲೆಕ್ಕ. ಆ ತಿಂಗಳೂ ಆಯಿತು.

ಚಿಕ್ಕಮ್ಮನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅದಕ್ಕೆ ಮಾತ್ರ ಅಮ್ಮ ಇಲ್ಲ ಎನ್ನಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಹೊರಟೆವು. ಅಪ್ಪ ಸ್ಟಿಯರಿಂಗಿನಲ್ಲಿ, ಅಮ್ಮ ಪಕ್ಕದಲ್ಲಿ, ನಾನು ಹಿಂದೆ, ಮಡಿಲಲ್ಲಿ ಹೂವಿನ ಬುಟ್ಟಿ. ಜೆ.ಪಿ. ನಗರದ ಒಳರಸ್ತೆಯೊಂದರಲ್ಲಿ ಪಕ್ಕದ ಗಲ್ಲಿಯಿಂದ ಸಾಮಾನು ತುಂಬಿದ ಟೆಂಪೊ ಹಿಮ್ಮುಖವಾಗಿ ಬಂತು. ಅಪ್ಪ ಬ್ರೇಕ್ ಹಾಕಿದರು. ಟೆಂಪೊದ ಮೂಲೆ ನಮ್ಮ ಕಾರಿನ ಬಲಮುಂಭಾಗಕ್ಕೆ, ಚಕ್ರದ ಮೇಲಿನ ತಗಡಿಗೆ ಕುಟ್ಟಿ ನಿಂತಿತು. ದೊಡ್ಡ ಅಪಘಾತವೇನಲ್ಲ. ನಮ್ಮ ಊರಿನಲ್ಲಿ ಇಂಥದ್ದು ದಿನಾ ಆಗುತ್ತದೆ, ಇಳಿದು ಜಗಳವಾಡಿ ಹೋಗುತ್ತಾರೆ.

ಅಪ್ಪನಿಗೆ ಇಳಿಯಲು ಆಗಲಿಲ್ಲ. ಹಿಂಜು ಇದ್ದದ್ದು ಸರಿಯಾಗಿ ಆ ತಗಡಿನ ಹಿಂದೆ. ತಗಡು ಒಳಗೆ ಹೋಗಿ ಅದನ್ನು ಹಿಡಿದುಕೊಂಡಿತ್ತು. ಅವರು ಬಾಗಿಲಿಗೆ ಭುಜ ಕೊಟ್ಟು ತಳ್ಳಿದರು. ಅದು ಬೆರಳಗಲ ಹೊರಗೆ ಬಂದು ನಿಂತಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಏಳತೊಡಗಿತು.

ನಾನು ಹಿಂಬಾಗಿಲಿನಿಂದ ಇಳಿದು ಎಡಗಡೆಗೆ ಓಡಿದೆ. ಅಮ್ಮನ ಬಾಗಿಲನ್ನು ಹೊರಗೆಳೆದು ಎತ್ತಿದೆ. ಕೈ ಬಿಟ್ಟರೆ ಇಳಿಯುತ್ತಿತ್ತು. ನನ್ನ ಬೆನ್ನಿಗೆ ಅದನ್ನು ಆನಿಸಿಕೊಂಡು, ಎರಡೂ ಕೈಯನ್ನು ಅಮ್ಮನಿಗೆ ಕೊಟ್ಟೆ. ಬಾಗಿಲಿನ ಭಾರ ಎಷ್ಟೆಂದು ಅವತ್ತು ಗೊತ್ತಾಯಿತು. ಅಮ್ಮ ಒಂದು ಕಾಲು ಹೊರಗಿಟ್ಟಳು. ಇನ್ನೊಂದು ಬಗ್ಗಲಿಲ್ಲ. "ಎಳೀಬೇಡ, ಎಳೀಬೇಡ, ನಾನೇ ಬರ್ತೀನಿ," ಎನ್ನುತ್ತಿದ್ದಳು. ಹೂವಿನಂಗಡಿಯ ಹೆಂಗಸೊಬ್ಬರು ಬಂದು ಅಮ್ಮನ ಸೊಂಟ ಬಳಸಿ ಹಿಡಿದರು. ಅಂತೂ ಅಮ್ಮ ಫುಟ್‌ಪಾತ್ ಸೇರಿದಳು. ನಾನು ಬಾಗಿಲು ಬಿಟ್ಟೆ, ಅದು ಧಡ್ಡನೆ ಇಳಿದು ಮುಚ್ಚಿಕೊಂಡಿತು.

ಆ ಕಡೆ ನಾಲ್ಕೈದು ಜನ ಅಪ್ಪನ ಬಾಗಿಲಿಗೆ ಕೈ ಹಾಕಿದ್ದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ, ಯಾವ ಕಾರಿನ ಬಾಗಿಲನ್ನಾದರೂ ಎಳೆಯುವ ಹಾಗೆ ಪಕ್ಕಕ್ಕೆ ಎಳೆಯುತ್ತಿದ್ದರು. "ಮೇಲಕ್ಕೆ ಎತ್ತಿ, ಅದು ಮೇಲಕ್ಕೆ," ಎಂದು ನಾನು ಹೇಳಿದೆ. ಒಬ್ಬರು ನನ್ನ ಮುಖ ನೋಡಿದರು. "ಏನ್ ಮೇಡಂ ಮೇಲಕ್ಕೆ?" ಎಂದರು. ಅಪ್ಪ ಒಳಗಿನಿಂದ ಏನೋ ಹೇಳುತ್ತಿದ್ದರು. ಗಾಜು ಇಳಿಯುವ ಹಾಗಿರಲಿಲ್ಲ. ಅವರ ಬಾಯಿ ಆಡುವುದು ಕಾಣುತ್ತಿತ್ತು, ಜನರ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಅಂಗೈಯನ್ನು ಮೇಲಕ್ಕೆ, ಮೇಲಕ್ಕೆ ಎಂದು ಆಡಿಸುತ್ತಿದ್ದರು. ಹೊಗೆ ದಟ್ಟವಾಯಿತು. ಯಾರೋ "ಬೆಂಕಿ ಹತ್ಕೊಳುತ್ತೆ, ದೂರ ಬನ್ನಿ," ಎಂದರು. ಜನ ಒಂದು ಹೆಜ್ಜೆ ಹಿಂದೆ ಸರಿದರು.

ಆ ಒಂದು ಹೆಜ್ಜೆಯ ಅಂತರ ಈಗಲೂ ನನ್ನ ಕಣ್ಣ ಮುಂದಿದೆ.

ಎಡಬಾಗಿಲನ್ನು ಎತ್ತಿ ಹಿಡಿಯಲು ಯಾರೂ ಇಲ್ಲದ್ದರಿಂದ ನಾನು ಹಿಂಬಾಗಿಲಿನಿಂದ ಮತ್ತೆ ಒಳಗೆ ಹೋದೆ. ಹೂವಿನ ಬುಟ್ಟಿ ಮಗುಚಿ ಕಾಲಡಿಯೆಲ್ಲ ಸೇವಂತಿಗೆ. ಅಪ್ಪನ ಸೀಟಿನ ಬೆನ್ನನ್ನು ಹಿಂದಕ್ಕೆ ಮಲಗಿಸುವ ಸನ್ನೆ ಹುಡುಕಿ ಎಳೆದೆ. ಅವರು ಮಲಗಿದ ಹಾಗೆ ಹಿಂದಕ್ಕೆ ಬಂದರು. "ಕಾಲು ಕಣಮ್ಮ, ಪೆಡಲ್ ಹತ್ರ ಸಿಕ್ಕೊಂಡಿದೆ," ಎಂದರು, ತೀರ ಸಾವಕಾಶದ ದನಿಯಲ್ಲಿ. "ಶೂ ಬಿಟ್ಬಿಡಿ ಅಪ್ಪ." ಶೂ ಬಿಟ್ಟರು. ಅವರ ಎರಡೂ ಕಂಕುಳಲ್ಲಿ ಕೈ ತೂರಿಸಿ ಎಳೆದೆ. ಹೊರಗಿನಿಂದ ಟೆಂಪೊದ ಡ್ರೈವರೇ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಅವರನ್ನು ಹಿಂಬಾಗಿಲಿನಿಂದ ಹೊರಗೆ ತೆಗೆದ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಕಾಲುಚೀಲ, ಹೆಗಲ ಮೇಲೆ ಸೇವಂತಿಗೆಯ ಎಸಳು. ಹೊಗೆ ಎಂದುಕೊಂಡದ್ದು ರೇಡಿಯೇಟರಿನ ಹಬೆ. ಬೆಂಕಿ ಹತ್ತಲಿಲ್ಲ.

ಅಪ್ಪ ಫುಟ್‌ಪಾತಿನ ಮೇಲೆ ಅಮ್ಮನ ಪಕ್ಕ ನಿಂತರು. ಅಮ್ಮ ತನ್ನ ಸೆರಗಿನಿಂದ ಅವರ ಹಣೆ ಒರೆಸಿದಳು. ಬೀದಿಯಲ್ಲಿ, ಅಷ್ಟು ಜನರ ಮುಂದೆ, ಅವಳು ಹಾಗೆ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಪೂಜೆಗೆ ಹೋಗಲಿಲ್ಲ. ಕಾರನ್ನು ಎಳೆಸಿಕೊಂಡು ಹೋಗಲು ಹೇಳಿ, ಆಟೊದಲ್ಲಿ ಮನೆಗೆ ಬಂದೆವು. ಸಂಜೆ ಅಮ್ಮ ಕುರ್ಚಿಯಲ್ಲಿ ಕೂತು ಮಾತು ತೆಗೆದಳು. ದನಿ ಏರಿಸಲಿಲ್ಲ.

"ನನಗೋಸ್ಕರ ಮಾಡ್ದೆ ಅಂದ್ರಿ. ನನ್ನನ್ನ ಒಂದ್ ಮಾತು ಕೇಳಿದ್ರಾ?"

"ಗೊತ್ತಾಗದ ಹಾಗೆ ಮಾಡ್ಸೋಣ, ಖುಷಿಯಾಗ್ತೀಯ ಅಂತ," ಎಂದರು ಅಪ್ಪ.

"ಆಪರೇಷನ್ ಆದಾಗ್ಲಿಂದ ನನಗೆ ಗೊತ್ತಾಗದ ಹಾಗೇ ಎಲ್ಲಾ ಆಗ್ತಿದೆ ರೀ. ಬೆಳಿಗ್ಗೆ ಎದ್ರೆ ಮಂಚ ಎತ್ತರ ಆಗಿರುತ್ತೆ, ಬಚ್ಚಲಿಗೆ ಹೋದ್ರೆ ಹಿಡಿಕೆ ಬಂದಿರುತ್ತೆ. ಮನೆಯೆಲ್ಲ ಅಳೆದ್ರಿ. ನಿನ್ನ ಕಾಲು ಎಷ್ಟು ಬಗ್ಗುತ್ತೆ, ಎಲ್ಲಿ ನೋವಾಗುತ್ತೆ ಅಂತ ಕೇಳ್ಲಿಲ್ಲ."

ಅಪ್ಪ "ಕೇಳಿದ್ರೆ ನೀನು ಏನೂ ಬೇಡ ಅಂತಿದ್ದೆ," ಎಂದರು.

"ಹೂಂ, ಅಂತಿದ್ದೆ," ಎಂದು ಅಮ್ಮ ಒಪ್ಪಿಕೊಂಡಳು. "ಇನ್ನೊಂದ್ಸಲ ಕೇಳ್ಬೇಕಿತ್ತು."

"ಸರಿ, ಈಗ ಕೇಳ್ತಿದೀನಿ. ಏನ್ ಬೇಕು?"

"ಆ ಇಳಿಜಾರಿನ ಪಕ್ಕ ಹಿಡ್ಕೊಳಕ್ಕೆ ಒಂದು ಕಂಬಿ."

ಆ ವಾರದಲ್ಲೇ ಕಂಬಿ ಬಂತು. ಕಾರಿನದೇ ತಾಪತ್ರಯ. ವಿಮೆಯವರು ಕಳಿಸಿದ ಸರ್ವೇಯರ್ ಬಾಗಿಲಿನ ಫೋಟೊ ತೆಗೆದುಕೊಂಡು, "ಈ ಬದಲಾವಣೆ ನಮಗೆ ತಿಳಿಸಿದ್ರಾ ಸಾರ್?" ಎಂದು ಒಂದೇ ಪ್ರಶ್ನೆ ಕೇಳಿದರು. ತಿಳಿಸಿರಲಿಲ್ಲ. ಪರಿಹಾರ ಬರಲಿಲ್ಲ. ಅಪ್ಪನ ಜೊತೆ ನಾನೂ ಕತ್ರಿಗುಪ್ಪೆಗೆ ಹೋದೆ. ಅಂಗಡಿಯವನಿಗೆ ಮೂವತ್ತರ ಆಸುಪಾಸು, ತೋಳಿನ ತುಂಬ ಹಚ್ಚೆ. ವಿಷಯ ಕೇಳಿ ನಿಜಕ್ಕೂ ಬೇಜಾರು ಮಾಡಿಕೊಂಡ.

"ಅಂಕಲ್, ಇದೆಲ್ಲ ಶೋಗೆ ಹಾಕ್ಸೋದು. ಭಾನುವಾರ ಒಂದ್ ರೌಂಡ್ ಹೋಗಿ ಬರೋರಿಗೆ. ದಿನಾ ಓಡ್ಸೋ ಗಾಡಿಗೆ ನಾನೇ ಯಾರ್ಗೂ ಹೇಳಲ್ಲ. ನೀವು ಅಷ್ಟ್ ಕಾನ್ಫಿಡೆಂಟ್ ಆಗಿ ಡ್ರಾಯಿಂಗ್ ಬೇರೆ ತಂದಿದ್ರಿ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಅಪ್ಪ ನಕ್ಷೆ ಬರೆದುಕೊಂಡು ಹೋಗಿದ್ದರೆಂದು ನನಗೆ ಗೊತ್ತಾದದ್ದೇ ಆಗ. ಗೋಡೆಗೂ ಕಾರಿಗೂ ನಡುವಿನ ಜಾಗ, ಬಾಗಿಲಿನ ಉದ್ದ, ಎಲ್ಲ ಅಳೆದಿದ್ದರಂತೆ. ಬಾಗಿಲು ನೆಟ್ಟಗೆ ಮೇಲೇಳುತ್ತದೆ ಎಂದು ಮಾತ್ರ ನಂಬಿಬಿಟ್ಟಿದ್ದರು. ನಾನು ಕೋಪ ಮಾಡಿಕೊಳ್ಳಲು ಹೋಗಿದ್ದವಳು, ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯದೆ ಅಂಗಡಿಯ ಸ್ಟೂಲಿನ ಮೇಲೆ ಕೂತೆ.

ವಾಪಸು ಮೊದಲಿನ ಹಾಗೆ ಮಾಡುವುದು ಹಾಕಿಸಿದ್ದಕ್ಕಿಂತ ಕಷ್ಟವಾಯಿತು. ಹಳೆಯ ಹಿಂಜುಗಳು ಗುಜರಿಗೆ ಹೋಗಿದ್ದವು. ಹೊಸ ಹಿಂಜಿಗೆಂದು, ಬಾಗಿಲನ್ನು ಹೊರುವ ಕಾರಿನ ಕಂಬದಲ್ಲಿ ಕೊರೆದಿದ್ದ ತೂತುಗಳನ್ನು ಬೆಸೆದು ಮುಚ್ಚಬೇಕಿತ್ತು. ಕೊಯ್ದ ತಗಡು ಬದಲಾಗಬೇಕಿತ್ತು. ವೈರುಗಳ ಕಟ್ಟನ್ನೇ ಹೊಸದಾಗಿ ಹಾಕಬೇಕಿತ್ತು. ಅಪ್ಪ ಮತ್ತೆ ದಿನಾ ಆಟೊ ಹತ್ತಿ ಗ್ಯಾರೇಜಿಗೆ ಹೋಗತೊಡಗಿದರು, ಈ ಸಲ ಹೋಗುವ ಮುಂಚೆ ಎಲ್ಲಿಗೆಂದು ಹೇಳಿ ಹೋಗುತ್ತಿದ್ದರು.

ಆ ದಿನಗಳಲ್ಲೇ, ನಾನೂ ಅಪ್ಪನ ಜೊತೆ ಹೋಗಿದ್ದಾಗ, ಗ್ಯಾರೇಜಿಗೆ ಒಬ್ಬ ಬಂದ. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದವನು, ಮಾತಿನಲ್ಲಿ ಧಾರವಾಡದ ಕಡೆಯ ಸೊಗಡು. ಬಾಗಿಲು ಬಿಚ್ಚುವ ಮುಂಚೆಯೇ ಕಾರನ್ನು ಇದ್ದ ಹಾಗೇ ತನಗೆ ಮಾರಿ ಎಂದ.

"ಸರ, ನೀವು ರಿಪೇರಿ ಏನೂ ಮಾಡಸಬ್ಯಾಡ್ರಿ. ನನಗ ಈ ಬಾಗಲಾನ ಬೇಕಾಗ್ಯಾವ."

ಕೊಟ್ಟಿದ್ದರೆ ನಮ್ಮ ತಲೆನೋವು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಅವನನ್ನು ಕಾರಿನ ಹತ್ತಿರ ಕರೆದುಕೊಂಡು ಹೋದರು. ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಆ ಕಡೆಯ ಬಾಗಿಲು ಇನ್ನೂ ಸಿಕ್ಕಿಕೊಂಡೇ ಇತ್ತು, ಅವನು ಹತ್ತಿದ್ದು ಎಡಗಡೆಯಿಂದ ತೆವಳಿಕೊಂಡು. ಎಡಬಾಗಿಲನ್ನೂ ಮುಚ್ಚಿ, "ಈಗ ಇಳಿಯಪ್ಪ," ಎಂದರು. ಅವನು ಆ ಕಡೆ ತಳ್ಳಿದ, ಈ ಕಡೆ ತಡಕಾಡಿದ. ಗಾಜಿನ ಹಿಂದೆ ಅವನ ನಗು ಸಣ್ಣದಾಗುತ್ತ ಬಂತು. ನಾನು ಓಡಿಹೋಗಿ ಬಾಗಿಲು ಎತ್ತಿದೆ. ಅವನು ಇಳಿದು ಪ್ಯಾಂಟು ಕೊಡವಿಕೊಂಡ.

"ಒಳಗೆ ಕೂತಾಗ ಏನನ್ನಿಸ್ತು?" ಎಂದರು ಅಪ್ಪ.

"ಉಸರ ಕಟ್ಟಿಧಂಗಾತ್ರಿ ಸರ."

"ನಾನೂ ಹಂಗೇ ಕೂತಿದ್ದೆ. ನಿನಗೆ ಕೊಡಲ್ಲಪ್ಪ. ಬೇಜಾರು ಮಾಡ್ಕೋಬೇಡ."

ಕಾರು ಮನೆಗೆ ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ನಾಲ್ಕೂ ಬಾಗಿಲು ಎಲ್ಲರ ಬಾಗಿಲುಗಳ ಹಾಗೆ ಪಕ್ಕಕ್ಕೆ ತೆರೆದವು. ಬಲಗಡೆಯದು ಮಾತ್ರ ಪೂರ್ತಿ ಕೂರಲೇ ಇಲ್ಲ. ಊರಾಚೆಯ ನೈಸ್ ರಸ್ತೆಗೆ ಹತ್ತಿ ವೇಗ ಏರಿಸಿದರೆ ಅದರ ಸಂದಿಯಿಂದ ಗಾಳಿ ಸಿಳ್ಳೆ ಹೊಡೆಯುತ್ತದೆ. ಅಮ್ಮ ರಸ್ತೆಯಲ್ಲೇ ಇಳಿಯುತ್ತಾಳೆ, ಕಂಬಿ ಹಿಡಿದು ತಾನೇ ಹತ್ತುತ್ತಾಳೆ. ಚಿಕ್ಕಮ್ಮನ ಮನೆಗೆ ಹೋಗಿ ಬರುತ್ತಾಳೆ. ನಾನು ಪಕ್ಕದಲ್ಲಿ ನಡೆಯುತ್ತೇನೆ, ನನ್ನ ತೋಳು ಈಗ ಅವಳಿಗೆ ಬೇಡ.

ಆದರೆ ನನ್ನೊಳಗಿನ ದಿಗಿಲು ಕಾರಿನ ಜೊತೆ ರಿಪೇರಿಯಾಗಲಿಲ್ಲ. ಯಾರದೇ ಕಾರು ಹತ್ತಿದರೂ ಮೊದಲು ಗಾಜು ಇಳಿಸಿ ನೋಡುತ್ತೇನೆ. ಕೂತ ಕೂಡಲೇ ಒಂದು ಸಲ ಬಾಗಿಲು ತೆರೆದು ಮುಚ್ಚುತ್ತೇನೆ. ಕ್ಯಾಬ್ ಡ್ರೈವರುಗಳು, "ಸರಿಯಾಗ್ ಹಾಕಿದೆ ಮೇಡಂ," ಎನ್ನುತ್ತಾರೆ. ಹೌದು ಎಂದು ತಲೆಯಾಡಿಸಿ, ಇನ್ನೊಂದು ಸಲ ತೆರೆಯುತ್ತೇನೆ.

ಮೊನ್ನೆ ಬೆಳಿಗ್ಗೆ ಅಪ್ಪ ಮೊಬೈಲಿನಲ್ಲಿ ಏನನ್ನೋ ಬಹಳ ಹತ್ತಿರದಿಂದ ನೋಡುತ್ತ ಕೂತಿದ್ದರು. ಹಿಂದಿನಿಂದ ಹೋಗಿ ಇಣುಕಿದೆ. ಕಾರಿನ ಸೀಟೊಂದು ಬಾಗಿಲಿನ ಕಡೆಗೆ ತಾನಾಗಿಯೇ ತಿರುಗಿ, ಕೂತಿದ್ದ ಮುದುಕಿಯನ್ನು ರಸ್ತೆಯ ಕಡೆ ಮುಖ ಮಾಡಿಸಿ ಕೂರಿಸುತ್ತಿತ್ತು. ಅಪ್ಪನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ನಿನ್ನೆ ನನ್ನನ್ನ ಕೇಳಿದ್ರು. ನಿನ್ನ ಕಾಲು ಎಷ್ಟು ಬಗ್ಗುತ್ತೆ ತೋರ್ಸು ಅಂದ್ರು."

"ನೀನೇನ್ ಹೇಳ್ದೆ?"

"ತೋರಿಸ್ದೆ. ಈ ಸೀಟು ಗೀಟು ಬೇಡ ಅಂದೆ. ಸರಿ ಅಂದ್ರು. ನೋಡ್ಲಿ ಬಿಡು, ನೋಡಕ್ಕೆ ಏನಂತೆ."

ಹೌದಲ್ಲ ಎನಿಸಿತು. ಆದರೂ ಕಾಲೇಜಿಗೆ ಹೊರಡುವಾಗ, ಬಸ್ಸಿನಲ್ಲಿ ಹೋಗುವವಳು, ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.